ಡೀಸೆಲ್ ಕುಡಿದ ಹೊಲ
ಚಳ್ಳಕೆರೆ ಹತ್ತಿರದ ನಮ್ಮ ಶೇಂಗಾ ಹೊಲದಲ್ಲಿ ಡೀಸೆಲ್ ಡ್ರಮ್ ಉರುಳಿ ಅರ್ಧ ಗುಂಟೆ ನೆಲ ಸತ್ತಂಗಾಯ್ತು. ಇಂಥ ಮಣ್ಣನ್ನ ಹಳ್ಳಕ್ಕೆ ಸುರಿಯಬೇಡಿ, ಊರವರ ಬಾವಿಗೆ ಇಳಿಯುತ್ತೆ. ಮೊದಲು ಸುತ್ತ ಬದು ಹಾಕಿ.

ಎಣ್ಣೆ ತಿನ್ನುವ ಸ್ಯೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾ ಮಣ್ಣಲ್ಲೇ ಇರುತ್ತವೆ. ಅವಕ್ಕೆ ಗಾಳಿ, ತೇವ, ಸಾರಜನಕ, ರಂಜಕ ಬೇಕು. ಎಣ್ಣೆಯಲ್ಲಿ ಇಂಗಾಲವೇ ಹೆಚ್ಚು. ಆ ಇಂಗಾಲದ 100 ಪಾಲಿಗೆ ಸಾರಜನಕ 10, ರಂಜಕ 1 ಅನ್ನೋ ಅಂದಾಜಲ್ಲಿ ಯೂರಿಯಾ, ಡಿಎಪಿ ಗೊಬ್ಬರಗಳನ್ನ ಕಂತುಕಂತಾಗಿ ಕೊಡಿ. ಒಮ್ಮೆಗೇ ಸುರಿದರೆ ಆ ಜೀವಿಗಳಿಗೇ ಕುತ್ತು. ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ವಾರಕ್ಕೊಮ್ಮೆ ಗುದ್ದಲಿಯಿಂದ ತಿರುವಿ. ಮಣ್ಣು ಹಿಡಿದರೆ ಉಂಡೆಯಾಗಬೇಕು, ನೀರು ಒಸರಬಾರದು. ನಮ್ಮ ಬಿಸಿಲಿಗೆ ಇದೇ ಕಷ್ಟ. ಅವ್ವ ಒದ್ದೆ ಗೋಣಿಚೀಲ ಹೊದಿಸಿ ತೇವ ಉಳಿಸಿದಳು.

ವಾಸನೆ ಹೋಯ್ತೆಂದು ನಂಬಬೇಡಿ. ಪ್ರಯೋಗಾಲಯದಲ್ಲಿ ಎಣ್ಣೆ ಅಂಶ ಅಳೆಸೋವರೆಗೂ ಅಲ್ಲಿ ತಿನ್ನೋ ಬೆಳೆ ಬಿತ್ತಬೇಡಿ.