ಸಕಲೇಶಪುರಕ್ಕೆ ಎರಡು ದಿನದ ಎಂಟಿಬಿ ಟ್ರಿಪ್, ಪ್ಲಾನ್ ಹೀಗ್ ಮಾಡಿ

ಎಂಟಿಬಿ, ಅಂದ್ರೆ ಗುಡ್ಡಗಾಡಲ್ಲಿ ಓಡಿಸೋ ಮೌಂಟೇನ್ ಬೈಕ್ ಸೈಕಲ್, ತಗೊಂಡು ಬರೀ ಸಿಟಿ ಡಾಂಬರಲ್ಲೇ ಓಡಿಸ್ತಾ ಇರೋರು ಬೆಂಗಳೂರಲ್ಲಿ ತುಂಬಾ ಜನ ಇದ್ದಾರೆ, ಅವ್ರಿಗೆಲ್ಲಾ ನಾನು ಹೇಳೋದು ಒಂದೇ, ಒಂದ್ಸಲ ಅದನ್ನ ಮಲೆನಾಡಿನ ಮಣ್ಣುರಸ್ತೆಗೆ ಇಳಿಸಿ ನೋಡಿ. ಕಾರಿಗೆ ಸೈಕಲ್ ಹಾಕ್ಕೊಂಡು ಶನಿವಾರ ಹೋಗಿ ಭಾನುವಾರ ವಾಪಸ್ ಬರೋದಕ್ಕೆ ಸಕಲೇಶಪುರ ತುಂಬಾ ಅನುಕೂಲ. ಸುಮಾರು 220 ಕಿ.ಮೀ., ಕುಣಿಗಲ್, ಚನ್ನರಾಯಪಟ್ಟಣ, ಹಾಸನ ದಾಟಿದ್ರೆ ಬಂತು, ಬೆಳಿಗ್ಗೆ 5 ಗಂಟೆಗೆ ಬಿಟ್ರೆ ದಾರೀಲಿ ತಿಂಡಿ ತಿಂದ್ಕೊಂಡೇ 10ರ ಹೊತ್ತಿಗೆ ಅಲ್ಲಿರ್ತೀರಿ.

ಮೊದಲು ಯಾರ್ ಯಾರು ಬರ್ತಾರೆ ಅನ್ನೋದು ಗಟ್ಟಿಯಾಗ್ಲಿ. ನಾಲ್ಕು ಜನ ಇದ್ರೆ ಸರಿ, ಆರರ ಮೇಲೆ ಹೋದ್ರೆ ಕಾರು, ರೂಮು, ಊಟ ಎಲ್ಲಾನೂ ತಲೆನೋವೇ. ಆ ನಾಲ್ಕು ಜನರಲ್ಲಿ ಯಾರಿಗೆ ಅಭ್ಯಾಸ ಕಮ್ಮಿ ಇದೆಯೋ ಅವ್ರನ್ನ ನೋಡ್ಕೊಂಡೇ ರೂಟ್ ಹಾಕ್ಬೇಕು, ಇದು ನನ್ನ ಖಡಾಖಂಡಿತ ಅಭಿಪ್ರಾಯ. ಸಿಟೀಲಿ 50 ಕಿ.ಮೀ. ಆರಾಮಾಗಿ ಹೊಡೆಯೋರಿಗೂ ಇಲ್ಲಿ 30 ಕಿ.ಮೀ. ಸಾಕ್ ಸಾಕಾಗುತ್ತೆ, ಯಾಕಂದ್ರೆ ಎಸ್ಟೇಟ್ ರಸ್ತೆ ಅಂದ್ರೆ ಒಂದು ನಿಮಿಷ ಇಳಿಜಾರು, ಮುಂದಿನ ಹತ್ತು ನಿಮಿಷ ಏರು, ಮತ್ತೆ ಇಳಿಜಾರು. ಮ್ಯಾಪಲ್ಲಿ ದೂರ ನೋಡ್ಬೇಡಿ, ಒಟ್ಟು ಎಷ್ಟು ಮೀಟರ್ ಏರ್ಬೇಕು ಅಂತ ನೋಡಿ. ಹೊಸಬರು ಇದ್ರೆ ದಿನಕ್ಕೆ 500 ಮೀಟರ್ ದಾಟದಂಗೆ ಇಟ್ಕೊಳ್ಳಿ, ಶನಿವಾರ ಮಧ್ಯಾಹ್ನ 12-15 ಕಿ.ಮೀ. ಸಣ್ಣ ಸುತ್ತು, ಭಾನುವಾರ ಬೆಳಿಗ್ಗೆ ದೊಡ್ಡದು, ಅಷ್ಟೇ ಸಾಕು.

ಯಾವಾಗ ಹೋಗೋದು? ಅಕ್ಟೋಬರ್ ಕೊನೆಯಿಂದ ಫೆಬ್ರವರಿ ತನಕ. ನವೆಂಬರಲ್ಲಂತೂ ಮಣ್ಣು ಗಟ್ಟಿಯಾಗಿ ಸ್ವಲ್ಪ ತೇವನೂ ಇದ್ದು ಟೈರ್ ಚೆನ್ನಾಗಿ ಕಚ್ಕೊಳ್ಳುತ್ತೆ. ಜೂನ್‌ನಿಂದ ಸೆಪ್ಟೆಂಬರ್ ಬೇಡ, ಮಳೆ ಹಿಡಿದ್ರೆ ಬಿಡಲ್ಲ, ಪಾಚಿ ಕಟ್ಟಿದ ಕಲ್ಲಿನ ಮೇಲೆ ಬ್ರೇಕೇ ಹಿಡಿಯಲ್ಲ, ಜೊತೆಗೆ ಇಂಬಳ (ಜಿಗಣೆ) ಕಾಟ. ಡಿಸೆಂಬರ್, ಜನವರಿ ಕಾಫಿ ಕೊಯ್ಲಿನ ಟೈಮು, ತಿರುವಲ್ಲಿ ಚೀಲ ತುಂಬಿದ ಜೀಪು, ಪಿಕಪ್ ಎದುರಿಗೆ ಬರುತ್ತೆ, ಸ್ಪೀಡ್ ಕಮ್ಮಿ ಮಾಡ್ಕೊಳ್ಳಿ.

ಈಗ ಎಲ್ಲಕ್ಕಿಂತ ಮುಖ್ಯವಾದ್ದು. ಮ್ಯಾಪಲ್ಲಿ ಕಾಣೋ ಸಣ್ಣ ಸಣ್ಣ ಗೆರೆ ಎಲ್ಲಾ ರಸ್ತೆ ಅಂದ್ಕೋಬೇಡಿ, ಅರ್ಧಕ್ಕರ್ಧ ಯಾರದೋ ತೋಟದ ಒಳಗಿನ ದಾರಿ. ಅದಕ್ಕೇ ಹೋಮ್‌ಸ್ಟೇ ಬುಕ್ ಮಾಡುವಾಗ್ಲೇ ಕೇಳ್ಬಿಡಿ, "ಅಣ್ಣ, ನಾವು ಸೈಕಲ್ ತರ್ತಾ ಇದೀವಿ, ನಿಮ್ಮ ತೋಟದಲ್ಲಿ ಓಡಿಸ್ಬಹುದಾ, ಅಕ್ಕಪಕ್ಕದ ತೋಟದವ್ರಿಗೆ ಒಂದು ಮಾತು ಹೇಳ್ತೀರಾ" ಅಂತ. ಮಾಲೀಕ್ರು ಒಂದು ಫೋನ್ ಮಾಡಿ ಪಕ್ಕದ ತೋಟದ ರೈಟರ್‌ಗೆ (ತೋಟದ ಕೆಲಸ, ಲೆಕ್ಕ ನೋಡ್ಕೊಳ್ಳೋರು) ಹೇಳಿದ್ರೆ ದಾರಿ ತಾನಾಗೇ ತೆರ್ಕೊಳ್ಳುತ್ತೆ. ಗೇಟು, ಉಣಗೋಲು (ದಾರಿಗೆ ಅಡ್ಡ ಹಾಕೋ ಬಿದಿರಿನ ತಡೆ) ಏನೇ ತೆಗೆದ್ರೂ ದಾಟಿದ ಮೇಲೆ ಮೊದಲಿದ್ದಂಗೇ ಹಾಕಿ, ಇಲ್ಲಾಂದ್ರೆ ದನ ತೋಟಕ್ಕೆ ನುಗ್ಗುತ್ತೆ. ಕಣದಲ್ಲಿ ಕಾಫಿ ಒಣಗಿಸಿದ್ರೆ ಇಳಿದು ಸುತ್ತಾಕ್ಕೊಂಡು ಹೋಗಿ. ಲೈನ್ ಮನೆಗಳ (ತೋಟದ ಕೆಲಸದವ್ರ ಸಾಲುಮನೆ) ಹತ್ರ ನಾಯಿ ಬಂದ್ರೆ ಸ್ಪೀಡ್ ಏರಿಸ್ಬೇಡಿ, ಇಳಿದು ಸೈಕಲ್ಲನ್ನ ನಾಯಿಗೂ ನಿಮಗೂ ಮಧ್ಯ ಇಟ್ಕೊಂಡು ನಡೀರಿ. ಬಿಸ್ಲೆ ಕಡೆ ರಿಸರ್ವ್ ಫಾರೆಸ್ಟ್ ಇದೆ, ಡಾಂಬರ್ ರೋಡ್ ಬಿಟ್ಟು ಕಾಡೊಳಗೆ ಇಳಿಯೋದಾದ್ರೆ ಅರಣ್ಯ ಇಲಾಖೆ ಪರ್ಮಿಷನ್ ಬೇಕೇ ಬೇಕು.

ಮತ್ತೆ ಆನೆ. ಸಕಲೇಶಪುರ, ಆಲೂರು, ಬೇಲೂರು ಸುತ್ತ ಆನೆಗಳು ತೋಟದೊಳಗೇ ಓಡಾಡ್ತವೆ, ಅಲ್ಲಿನ ಕೂಲಿ ಕೆಲಸದವ್ರು, ರೈತರು ಜೀವ ಕಳ್ಕೊಂಡಿದ್ದಾರೆ, ಇದನ್ನ ಹಗುರವಾಗಿ ತಗೋಬಾರ್ದು. ರೈಡ್ ಶುರು ಮಾಡೋ ಮುಂಚೆ ಇವತ್ತು ಆನೆ ಯಾವ ಕಡೆ ಇದೆ ಅಂತ ಊರವ್ರನ್ನ ಕೇಳಿ, ಅವ್ರಿಗೆ ಗೊತ್ತಿರುತ್ತೆ. ಆ ಕಡೆ ಬೇಡ ಅಂದ್ರೆ ಬೇಡ, ವಾದ ಮಾಡ್ಬೇಡಿ. ಬೆಳಿಗ್ಗೆ 7ರ ಮೇಲೆ ಹೊರಡಿ, ಸಂಜೆ 5ಕ್ಕೆಲ್ಲಾ ಮನೆ ಸೇರಿ, ಸೈಕಲ್ ಸದ್ದಿಲ್ದೆ ಹೋಗುತ್ತಲ್ಲ, ತಿರುವಲ್ಲಿ ಅದಕ್ಕೂ ಗೊತ್ತಾಗಲ್ಲ ನಿಮಗೂ ಗೊತ್ತಾಗಲ್ಲ, ಅದಕ್ಕೆ ಜೋರಾಗಿ ಮಾತಾಡ್ಕೊಂಡು ಬೆಲ್ ಹೊಡ್ಕೊಂಡು ಹೋಗಿ.

ಸೈಕಲ್ ಸಾಗಿಸೋದು. ಹಿಂದಿನ ರ‍್ಯಾಕ್ ಹಾಕಿದ್ರೆ ನಂಬರ್ ಪ್ಲೇಟ್, ಟೈಲ್ ಲೈಟ್ ಮುಚ್ಚಿಹೋಗ್ಬಾರ್ದು, ಮತ್ತೆ ಮೊದಲ ಅರ್ಧ ಗಂಟೆ ಓಡಿದ ಮೇಲೆ ನಿಲ್ಸಿ ಬೆಲ್ಟ್ ಎಳ್ದು ನೋಡಿ, ಸಡಿಲ ಆಗಿರುತ್ತೆ. ಕಾರೊಳಗೆ ಮಲಗಿಸೋದಾದ್ರೆ ಚೈನ್ ಇರೋ ಕಡೆ ಮೇಲೆ ಬರ್ಲಿ, ಕೆಳಗೆ ಒಂದು ಹಳೇ ಬೆಡ್‌ಶೀಟ್. ಹೈಡ್ರಾಲಿಕ್ (ಎಣ್ಣೆ ಒತ್ತಡದ) ಡಿಸ್ಕ್ ಬ್ರೇಕ್ ಸೈಕಲ್ಲಿಂದ ಚಕ್ರ ಬಿಚ್ಚಿದ ಮೇಲೆ ಯಾರೂ ಬ್ರೇಕ್ ಲಿವರ್ ಒತ್ಬಾರ್ದು, ಒತ್ತಿದ್ರೆ ಪ್ಯಾಡ್ ಎರಡೂ ಹತ್ರ ಬಂದು ಕೂತ್ಬಿಡುತ್ತೆ, ಆಮೇಲೆ ರೋಟರ್ (ಚಕ್ರದ ಜೊತೆ ತಿರುಗೋ ಬ್ರೇಕ್ ತಟ್ಟೆ) ಒಳಗೆ ಹೋಗಲ್ಲ. ಮಧ್ಯಕ್ಕೆ ನಾಲ್ಕು ಮಡಿಕೆ ಮಾಡಿದ ಗಟ್ಟಿ ರಟ್ಟು ತುರುಕಿದ್ರೆ ಆ ಯೋಚನೆಯೇ ಇಲ್ಲ.

ಸ್ಪೇರ್ ವಿಷಯದಲ್ಲಿ ಒಬ್ರೇ ಜವಾಬ್ದಾರಿ ತಗೊಂಡು ಎಲ್ರ ಸೈಕಲ್ದೂ ಬರ್ಕೊಳ್ಳಲಿ, ಟೈರ್ ಸೈಜ್ 26, 27.5, 29 ಇಂಚು ಯಾವುದು, ಚೈನ್ ಎಷ್ಟು ಸ್ಪೀಡಿದು (ಹಿಂದಿನ ಚಕ್ರದಲ್ಲಿ ಎಷ್ಟು ಗೇರ್ ಇದೆ), ವಾಲ್ವ್ ಯಾವುದು. ಒಬ್ಬೊಬ್ರಿಗೂ ಎರಡು ಟ್ಯೂಬ್, ಚೈನಿಗೆ ಕ್ವಿಕ್ ಲಿಂಕ್ (ತುಂಡಾದ ಚೈನ್ ಮತ್ತೆ ಜೋಡಿಸೋ ಕೊಂಡಿ). ಡಿರೇಲರ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸೋ ಭಾಗವನ್ನ ಫ್ರೇಮಿಗೆ ಹಿಡಿದಿಡೋ ಸಣ್ಣ ಲೋಹದ ತುಂಡು) ಒಂದೊಂದು ಫ್ರೇಮಿಗೂ ಬೇರೆ ಬೇರೆ, ಅದು ಮುರಿದ್ರೆ ಸಕಲೇಶಪುರ ಪೇಟೆಯಲ್ಲಿ ಹುಡುಕಿದ್ರೆ ಸಿಗುತ್ತೆ ಅಂತ ನಂಬ್ಕೊಂಡು ಹೋಗ್ಬೇಡಿ, ಮನೆಯಿಂದಲೇ ತನ್ನಿ. ಉದ್ದ ಸಣ್ಣ ಪ್ರೆಸ್ಟಾ ವಾಲ್ವ್ ಇದ್ರೆ ಪಂಕ್ಚರ್ ಅಂಗಡಿ ಗಾಳಿ ಪೈಪ್ ಅದಕ್ಕೆ ಕೂರಲ್ಲ, ಸಣ್ಣದೊಂದು ಹಿತ್ತಾಳೆ ಅಡಾಪ್ಟರ್ ಸಿಗುತ್ತೆ, ವಾಲ್ವಿಗೇ ತಿರುಗಿಸಿಟ್ಬಿಡಿ.

ನೆಟ್‌ವರ್ಕ್ ಇರುತ್ತೆ ಅಂತ ಲೆಕ್ಕ ಹಾಕ್ಬೇಡಿ. ಆಫ್‌ಲೈನ್ ಮ್ಯಾಪ್ ಎಲ್ರ ಫೋನಲ್ಲೂ ಇರ್ಲಿ, ಹೋಮ್‌ಸ್ಟೇಯವ್ರಿಗೆ ಇಷ್ಟೊತ್ತಿಗೆ ಬರ್ತೀವಿ ಅಂತ ಹೇಳಿ ಹೊರಡಿ, ಯುಪಿಐ ನಡೀದೇ ಇರೋ ಕಡೆಗೆ ಸ್ವಲ್ಪ ಚಿಲ್ಲರೆ ಕ್ಯಾಶ್. ಯಾರಾದ್ರೂ ಬಿದ್ರೆ ಪೇಟೆಯಲ್ಲಿ ಸರ್ಕಾರಿ ಕ್ರಾಫರ್ಡ್ ಆಸ್ಪತ್ರೆ ಇದೆ, ದೊಡ್ಡದೇನಾದ್ರೂ ಆದ್ರೆ ಹಾಸನ, ಸುಮಾರು 40 ಕಿ.ಮೀ. ಹೆಲ್ಮೆಟ್ ಇಲ್ದೇ ಬರೋರನ್ನ ಕರ್ಕೊಂಡೇ ಹೋಗ್ಬೇಡಿ.

ಸೈಕಲ್ ಬೇಡ ಅನ್ನೋ ಹೊತ್ತಿಗೆ ಮಂಜರಾಬಾದ್ ಕೋಟೆ ಹತ್ತಿ ಬನ್ನಿ, ಟಿಪ್ಪು ಕಟ್ಟಿಸಿದ ನಕ್ಷತ್ರದ ಆಕಾರದ ಕೋಟೆ, ಪೇಟೆಯಿಂದ ತುಂಬಾ ಹತ್ರ. ಹೊಟ್ಟೆಗೆ ಅಕ್ಕಿ ರೊಟ್ಟಿ, ಕಡುಬು ಮನೆಯವ್ರೇ ಮಾಡ್ಕೊಡ್ತಾರೆ, ರೈಡಿಗೆ ಬಾಳೆಹಣ್ಣು, ಚಿಕ್ಕಿ, ಓಆರ್‌ಎಸ್, ಒಬ್ರಿಗೆ ಎರಡು ಲೀಟರ್ ನೀರು.

ಭಾನುವಾರ ಊಟ ಮುಗಿಸಿ 2 ಗಂಟೆಗೆ ಗಾಡಿ ಹೊರಡ್ಲೇಬೇಕು, ತಡ ಆದಷ್ಟೂ ನೆಲಮಂಗಲದ ಜಾಮಲ್ಲಿ ಕೂರ್ತೀರಿ. ಹೊರಡೋ ಮುಂಚೆ ಮಣ್ಣು ಬರೀ ಬಕೆಟ್ ನೀರಲ್ಲಿ ತೊಳೀರಿ, ವಾಟರ್ ಸರ್ವಿಸ್ ಗನ್ ಹಿಡಿದ್ರೆ ಹಬ್ ಬೇರಿಂಗ್ ಒಳಗೆ ನೀರು ಹೋಗುತ್ತೆ, ತೊಳೆದ ಮೇಲೆ ಚೈನ್ ಒರೆಸಿ ಎರಡು ಹನಿ ಎಣ್ಣೆ ಬಿಡಿ, ರೋಟರ್ ಮೇಲೆ ಮಾತ್ರ ಒಂದು ಹನಿನೂ ಬೀಳ್ಬಾರ್ದು.