ಕೊಳವೆಬಾವಿ ನೀರಿನಲ್ಲಿ ತಲೆಸ್ನಾನ ಮಾಡುವವರಿಗೆ
ಸಾಬೂನು ಹಚ್ಚಿ ತಲೆ ತೊಳೆದ ಮೇಲೆ ಒಂದು ದೊಡ್ಡ ಚೊಂಬು ನೀರಿಗೆ ಒಂದು ಚಮಚ ನಿಂಬೆರಸ ಬೆರೆಸಿ ಕೂದಲಿಗೆ ಹಾಕಿ, ಬೆರಳಾಡಿಸಿ, ಬಳಿಕ ಬರಿ ನೀರಿನಿಂದ ಚೆನ್ನಾಗಿ ತೊಳೆಯಿರಿ. ನಮ್ಮ ಕಲಬುರಗಿ, ಶಹಾಬಾದ್, ಸೇಡಂ ಕಡೆ ನೆಲದಡಿ ಸುಣ್ಣದ ಕಲ್ಲಿರುವುದರಿಂದ ಕೊಳವೆಬಾವಿ ನೀರು ಸಾಮಾನ್ಯವಾಗಿ ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನೊಂದಿಗೆ ಸೇರಿ ನೀರಿನಲ್ಲಿ ಕರಗದ ಬಿಳಿ ಜಿಗುಟಾಗಿ ಕೂದಲಿಗೆ ಅಂಟುತ್ತದೆ. ನಿಂಬೆಯ ಹುಳಿ ಅದನ್ನು ಬಿಡಿಸುತ್ತದೆ. ಕೂದಲು ಒಣಗಿದಾಗ ಬಾಚಣಿಗೆಯ ಹಲ್ಲುಗಳ ಸಂದಿಯಲ್ಲಿ ಕೂರುವ ಬೂದುಬಣ್ಣದ ಮೇಣದಂತಹ ಪುಡಿ ಬಹಳಷ್ಟು ಸಲ ಇದೇ. ಅದನ್ನೇ ತಲೆಹೊಟ್ಟು ಎಂದುಕೊಂಡು ಎಣ್ಣೆ ಮೇಲೆ ಎಣ್ಣೆ ಸುರಿಯುವವರು ಎಷ್ಟೋ ಮಂದಿ. ನಿಜವಾದ ಹೊಟ್ಟಿಗೂ ಎಣ್ಣೆ ಮದ್ದಲ್ಲ, ಅದಕ್ಕೆ ಕಾರಣವಾಗುವ ಶಿಲೀಂಧ್ರ ಬೆಳೆಯುವುದೇ ಜಿಡ್ಡಿನ ಮೇಲೆ. ತುರಿಕೆ, ಕೆಂಪು, ಹಳದಿ ಪೊರೆ ಇದ್ದರೆ ನಿಂಬೆಯಿಂದ ಏನೂ ಆಗದು. ಶಿಲೀಂಧ್ರ ತಡೆಯುವ ಔಷಧಿ ಕೀಟೊಕೊನಜೋಲ್ ಇರುವ ಶಾಂಪೂ ಬೇಕು, ಅದಕ್ಕೂ ಬಗ್ಗದಿದ್ದರೆ ಚರ್ಮವೈದ್ಯರನ್ನು ಕಾಣಬೇಕು. ನೆತ್ತಿಯಲ್ಲಿ ಗಾಯ, ಗೀರು ಇದ್ದರೂ ನಿಂಬೆ ಬೇಡ, ಉರಿಯುತ್ತದೆ. ದಯವಿಟ್ಟು ಇದೊಂದನ್ನು ಮರೆಯಬೇಡಿ: ನಿಂಬೆರಸ ಹಣೆ, ಕುತ್ತಿಗೆಯ ಮೇಲೆ ಉಳಿದಿರುವಾಗ ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಬೀಳುತ್ತದೆ, ನಮ್ಮೂರಿನ ಬಿಸಿಲನ್ನಂತೂ ಹೇಳಬೇಕಾಗಿಲ್ಲ. ಕೊನೆಯಲ್ಲಿ ಮತ್ತೆ ಅದೇ ಗಡಸು ನೀರು ಹಾಕಿದರೆ ಪುಡಿ ಕೂರುವುದಿಲ್ಲವೇ ಎಂಬ ಅನುಮಾನ ಬೇಡ. ಆ ಹೊತ್ತಿಗೆ ಸಾಬೂನೇ ಉಳಿದಿರುವುದಿಲ್ಲ. ಶಾಂಪೂ ಬಳಸುವವರಿಗೆ ಈ ತೊಂದರೆ ತೀರಾ ಕಡಿಮೆ, ಅವರು ತಿಂಗಳಿಗೊಮ್ಮೆ ಮಾಡಿದರೂ ಸಾಕು.