ಬೇರೆ ಕುರಿಯ ಸೆಲ್, ಸವೆದ ಡಿಸ್ಕ್: ಮೂರನೇ ಸಲಕ್ಕೆ ಹಿಡಿಯಿತು

ಒಂದು ಕುರಿಯ ಮಜ್ಜೆಯಿಂದ ತೆಗೆದ ಸೆಲ್‌ಗಳು ಇನ್ನೊಂದು ಕುರಿಯ ಬೆನ್ನುಮೂಳೆಯ ಸವೆದ ಡಿಸ್ಕಿನಲ್ಲಿ (ಮೂಳೆಗಳ ನಡುವಿನ ಮೆತ್ತೆ) ಆರು ತಿಂಗಳು ಬದುಕಿದ್ದವು. ಸೆಲ್‌ಗಳಿಗೆ ಮೊದಲೇ ಹಾಕಿದ್ದ ಹಸಿರು ಗುರುತು ಸ್ಲೈಡಿನಲ್ಲಿ ಕಂಡ ದಿನ ಇಡೀ ಲ್ಯಾಬನ್ನು ಕರೆದು ತೋರಿಸಿದೆ. 'ಬೇರೆ ಪ್ರಾಣಿಯ ಸೆಲ್ ನಿಲ್ಲಲ್ಲ, ದುಡ್ಡು ದಂಡ' ಅಂದವರೇ ಜಾಸ್ತಿ ಇದ್ದರು.

ಶುರು ಮಾಡಿದ್ದು ಮೊಲಗಳಲ್ಲಿ. ಖರ್ಚು ಕಡಿಮೆ, ಅಷ್ಟೇ. ಮೊಲದ ಡಿಸ್ಕಿನಲ್ಲಿ ನೋಟೋಕಾರ್ಡ್ ಸೆಲ್‌ಗಳು, ಅಂದರೆ ಭ್ರೂಣದ ಕಾಲದಲ್ಲಿ ಡಿಸ್ಕಿನ ನಡುಭಾಗ ಕಟ್ಟುವ ಸೆಲ್‌ಗಳು, ಮೊಲ ದೊಡ್ಡದಾದ ಮೇಲೂ ಉಳಿದಿರುತ್ತವೆ. ಅವುಗಳಿಂದಾಗಿ ನಾನು ಸೆಲ್ ಹಾಕದ ಡಿಸ್ಕೂ ಚೇತರಿಸಿಕೊಂಡರೆ ಏನು ಹೇಳೋದು? ಅದಕ್ಕೇ ದೊಡ್ಡದಾದ ಮೇಲೆ ಅವು ಉಳಿಯದ ಕುರಿಗೆ ಬಂದೆ.

ಮೊದಲ ಆರು ಕುರಿಗಳಿಗೆ ಸಲೈನಿನಲ್ಲೇ (ಉಪ್ಪುನೀರು) ಸೆಲ್ ಕೊಟ್ಟೆ. ಸೂಜಿ ತೆಗೆದ ತೂತಿನಲ್ಲೇ ಎಲ್ಲಾ ವಾಪಸ್ ಬಂತು. ಎಂಆರ್‌ಐನಲ್ಲಿ ಡಿಸ್ಕ್ ಮೊದಲಿನಷ್ಟೇ ಕಪ್ಪು, ಅಂದರೆ ನೀರಿನಂಶ ಮರಳಿರಲಿಲ್ಲ. ಸಾಲದ್ದಕ್ಕೆ ಎರಡು ಕುರಿಗಳಲ್ಲಿ ಡಿಸ್ಕಿನ ಅಂಚಿಗೆ ಮೂಳೆ ಮುಳ್ಳು ಬೆಳೆದಿತ್ತು. ಅರಿವಳಿಕೆ, ಮೇವು, ಸ್ಕ್ಯಾನ್ ಬಾಡಿಗೆ ಸೇರಿ ಹೆಚ್ಚುಕಡಿಮೆ ಅರ್ಧ ಅನುದಾನ ಅಲ್ಲೇ ಹೋಯಿತು.

ಎರಡನೇ ಸಲ ಸಲೈನಿನ ಬದಲು ಮಂದವಾದ ಹೈಲುರೋನಿಕ್ ಜೆಲ್ ಬಳಸಿದೆ. ಸೋರಿಕೆ ನಿಂತಿತು. ಆದರೆ ಆಸೆಬಿದ್ದು ಸೆಲ್‌ಗಳ ಡೋಸ್ ನಾಲ್ಕು ಪಟ್ಟು ಮಾಡಿದ್ದೆ, ಮುಕ್ಕಾಲು ಪಾಲು ಸೆಲ್ ಸತ್ತವು. ಡಿಸ್ಕಿಗೆ ರಕ್ತನಾಳ ಇಲ್ಲ, ಗ್ಲೂಕೋಸ್ ಬರೋದು ಬಹುಪಾಲು ಎಂಡ್‌ಪ್ಲೇಟಿನಿಂದ (ಡಿಸ್ಕಿಗೂ ಮೂಳೆಗೂ ನಡುವಿನ ತೆಳು ಪದರ) ಜಿನುಗಿ. ಊಟಕ್ಕೇ ಗತಿಯಿಲ್ಲದ ಮನೆಗೆ ನೆಂಟರ ದಂಡು ಕಳಿಸಿದ ಹಾಗಾಯಿತು. ಅದೇ ಹೊತ್ತಿಗೆ ಸೆಲ್ ಬೆಳೆಸಲು ಬಳಸುವ ಸೀರಂನ ಹೊಸ ಬ್ಯಾಚು ಕೈಕೊಟ್ಟು ಎರಡು ತಿಂಗಳ ಕಲ್ಚರ್ ಹಾಳು. ಆಗಿನಿಂದ ಹೊಸ ಬ್ಯಾಚಿನ ಸ್ಯಾಂಪಲ್ ನೋಡದೆ ಒಂದು ಬಾಟಲಿಯನ್ನೂ ಕೊಂಡಿಲ್ಲ.

ಮೂರನೇ ಸಲ ಡಿಸ್ಕಿಗೆ ಸುಮಾರು ಐದು ಲಕ್ಷ ಸೆಲ್ ಸಾಕು ಅಂದುಕೊಂಡೆ. ಹಾಕುವ ಮುಂಚೆ ಎರಡು ವಾರ 5% ಆಕ್ಸಿಜನ್, ಗ್ಲೂಕೋಸ್ ಕಮ್ಮಿ. ಬರಗಾಲ ಮೊದಲೇ ರೂಢಿಯಾಗಲಿ ಅಂತ. 25 ಗೇಜ್ ಸೂಜಿ, ಒಂದು ನಿಮಿಷ ನಿಧಾನಕ್ಕೆ ಒತ್ತೋದು, ಎರಡು ನಿಮಿಷ ಅಲ್ಲಾಡದೆ ಹಿಡಿಯೋದು. ಹೊರತೆಗೆಯುವಾಗ ಒಂದು ಕೈಚಳಕ ಇದೆ. ಅದನ್ನೂ ಜೆಲ್ಲಿನ ಹದವನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ಇನ್ನೊಂದು ಪರೀಕ್ಷೆಯನ್ನೂ ಮಾಡಿದೆ. ಸೂಜಿ ತುದಿ ಕಾಣಲಿ ಅಂತ ಕೆಲವರು ಎಕ್ಸ್‌ರೇಯಲ್ಲಿ ಕಾಣುವ ಅಯೋಡಿನ್ ಕಾಂಟ್ರಾಸ್ಟ್ ದ್ರವವನ್ನು ಸೆಲ್ ಜೊತೆಗೇ ಬೆರೆಸುತ್ತಾರಲ್ವಾ? ಬೆರೆಸಿ ಒಂದು ಗಂಟೆ ಬಿಟ್ಟು ಸತ್ತ ಸೆಲ್‌ಗಳಿಗೆ ಮಾತ್ರ ನೀಲಿ ಹಿಡಿಯುವ ಟ್ರಿಪಾನ್ ಬ್ಲೂ ಬಣ್ಣ ಹಾಕಿ ಎಣಿಸಿದೆ. ಬದುಕಿದ್ದ ಸೆಲ್‌ಗಳು ಶೇಕಡಾ ತೊಂಬತ್ತರ ಮೇಲಿಂದ ಅರವತ್ತರ ಆಸುಪಾಸಿಗೆ ಇಳಿದಿದ್ದವು. ಈಗ ಎರಡು ಕೋನದಿಂದ ಎಕ್ಸ್‌ರೇ ನೋಡಿ ಸೂಜಿ ಇಡುತ್ತೇನೆ, ಕಾಂಟ್ರಾಸ್ಟ್ ಮುಟ್ಟಲ್ಲ.

ಈ ಮೂರನೇ ಸಲ ಹತ್ತು ಡಿಸ್ಕಿನಲ್ಲಿ ಏಳು ಫಿರ್ಮನ್ ಗ್ರೇಡಿನಲ್ಲಿ (ಎಂಆರ್‌ಐ ನೋಡಿ ಡಿಸ್ಕಿನ ಸವೆತ ಅಳೆಯುವ ಅಂಕ) ಒಂದು ಮೆಟ್ಟಿಲು ಸುಧಾರಿಸಿದವು. ನೀರಿನಂಶ ಬಿಳಿಯಾಗಿ ಕಾಣುವ ಟಿ2 ಎಂಆರ್‌ಐ ಚಿತ್ರದಲ್ಲಿ ಡಿಸ್ಕಿನ ನಡುವೆ ಬಿಳುಪು ಮರಳಿತು. ಡಿಸ್ಕಿನ ಎತ್ತರ ಮಾತ್ರ ಅಷ್ಟಾಗಿ ಏರಲಿಲ್ಲ, ಅದು ನನ್ನನ್ನು ಕೊರೆಯುತ್ತಲೇ ಇದೆ. ಈಗ ವಯಸ್ಸಾದ ಕುರಿಗಳಲ್ಲಿ ಶುರು ಮಾಡಿದ್ದೇನೆ. ನಾಲ್ಕಕ್ಕೆ ಸೂಜಿ ಹಾಕಿ ಆಗಿದೆ, ಮೊದಲ ಸ್ಕ್ಯಾನ್ ಮುಂದಿನ ತಿಂಗಳು.